ಅಜ್ಜನ ಕೋವಿಯನ್ನು ಉಜ್ಜಿ ಹಾಳು ಮಾಡಬೇಡಿ

ಕೈಲ್ ಮುಹೂರ್ತಕ್ಕೆ, ಅಂದರೆ ಕೊಡಗಿನ ಆಯುಧ ಪೂಜೆಯ ಹಬ್ಬಕ್ಕೆ, ಎರಡು ದಿನ ಇರುವಾಗ ನಮ್ಮ ಕಡೆ ಯಾವ ಮನೆ ಜಗಲಿ ನೋಡಿದರೂ ಒಂದೇ ನೋಟ. ಹಳೆ ಕಂಬಳಿ ಹಾಸಿ, ಕೋವಿ ಬಿಚ್ಚಿ ಹಾಕಿಕೊಂಡು, ಯಾರಾದರೊಬ್ಬರು ಕೂತು ಉಜ್ಜುತ್ತಿರುತ್ತಾರೆ. ಕೆಲವು ವರ್ಷದ ಹಿಂದೆ ನಮ್ಮನೆಯಲ್ಲಿ ಹಾಗೆ ಕೂತವನು ನಾನೇ. ಅಜ್ಜನ ಜೋಡು ನಳಿಗೆ ಕೋವಿ. ನಳಿಗೆಯೆಲ್ಲ ಕಂದು ಬಣ್ಣಕ್ಕೆ ತಿರುಗಿದೆ, ಪೂಜೆಗೆ ಇಡುವಾಗ ಫಳಫಳ ಅನ್ನಬೇಕು ಅಂತ ಎಮೆರಿ ಪೇಪರ್ ತಗೊಂಡು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ತಿಕ್ಕಿದೆ. ಹೊಳೆಯಿತು, ಸ್ಟೀಲ್ ಲೋಟದ ಹಾಗೆ. ದೊಡ್ಡಪ್ಪ ಬಂದರು, ಕನ್ನಡಕ ಹಾಕಿಕೊಂಡರು, ಎರಡು ನಳಿಗೆಯ ನಡುವಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಇಲ್ಲಿ ಹೆಸರು ಇತ್ತಲ್ಲ ಮಗ, ಎಲ್ಲಿ ಹೋಯ್ತು?" ಅಂದರು. ಕಲ್ಕತ್ತಾ ಅನ್ನುವ ಪದದ ಮೊದಲ ನಾಲ್ಕು ಅಕ್ಷರ ಮಾತ್ರ ಉಳಿದಿತ್ತು. ಮಾಡಿದವರ ಹೆಸರೋ ಮಾರಿದವರ ಹೆಸರೋ, ಅದು ನನ್ನ ಎಮೆರಿ ಪೇಪರಿನ ಪುಡಿಯಲ್ಲಿ ಕಂಬಳಿ ಮೇಲೆ ಬಿದ್ದಿತ್ತು.

ಇನ್ನೂ ಕೆಟ್ಟ ಸುದ್ದಿ ಆಮೇಲೆ ಬಂತು. ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಸ್ಪ್ರಿಂಗ್ ರಿಪೇರಿಗೆ ಒಯ್ದಾಗ ಅಲ್ಲಿನ ಹಿರಿಯ ಮಿಸ್ತ್ರಿ ನಳಿಗೆ ತಿರುಗಿಸಿ ನೋಡಿ, ನೀವು ತೆಗೆದದ್ದು ತುಕ್ಕಲ್ಲ, ಬಣ್ಣ ಅಂದರು. ಅದು ಡಮಾಸ್ಕಸ್ ನಳಿಗೆಯಂತೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ, ಸುರುಳಿ ಸುತ್ತಿ, ಕಾಯಿಸಿ ಬೆಸೆದು ಮಾಡುತ್ತಿದ್ದ ನಳಿಗೆ. ಆ ಸುರುಳಿಯ ಗೆರೆ ಎದ್ದು ಕಾಣಲಿ ಅಂತಲೇ ಮಾಡಿದವರು ಕಂದು ಬಣ್ಣ ಹಿಡಿಸಿದ್ದರು. ನೂರು ವರ್ಷ ಉಳಿದುಕೊಂಡಿದ್ದ ಬಣ್ಣ, ಅರ್ಧ ದಿನದಲ್ಲಿ ಹೋಯಿತು.

ಹಳೆ ಕೋವಿಯ ಬೆಲೆ ಬಲ್ಲವರು ಮೊದಲು ನೋಡುವುದು ಇದನ್ನೇ: ಮಾಡಿದವನ ಕೈಯಿಂದ ಬಂದ ಮೈ ಎಷ್ಟು ಉಳಿದಿದೆ? ಹೊಳಪನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ನಾನು ಹೇಳುವುದು ಇಷ್ಟೇ. ತುಕ್ಕು ಬರದ ಹಾಗೆ ನೋಡಿಕೊಳ್ಳಿ, ಕಾಗದ ಜೋಪಾನ ಮಾಡಿ, ಮಿಕ್ಕಿದ್ದಕ್ಕೆ ಕೈ ಹಾಕಬೇಡಿ. ಮಾರುವ ಯೋಚನೆ ಇಲ್ಲದಿದ್ದರೂ ಇದು ಬೇಕು. 1980ರ ದಶಕದಿಂದ ಸಾಮಾನ್ಯ ಜನ ಹೊರದೇಶದ ಕೋವಿ ತರಿಸಿಕೊಳ್ಳುವುದು ಹೆಚ್ಚುಕಮ್ಮಿ ನಿಂತೇ ಹೋಗಿದೆ. ತೋಟದ ಸಾಹೇಬರ ಕಾಲದಲ್ಲಿ ಬಂದು ಉಳಿದ ಇಂಗ್ಲಿಷ್ ಕೋವಿ ಒಂದು ಹಾಳಾದರೆ ಅದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ.

ಮುಟ್ಟುವ ಮೊದಲು

ಕೋವಿ ಖಾಲಿ ಇದೆ ಅಂತ ಯಾರು ಹೇಳಿದರೂ ನಂಬಬೇಡಿ. ನಿಮ್ಮ ಅಪ್ಪನೇ ಹೇಳಿದರೂ ಸರಿ. ತೋಟೆ ಕೋವಿ ಆದರೆ ಮುರಿದು, ಅಂದರೆ ನಳಿಗೆ ಬಾಗಿಸಿ ತೆರೆದು, ನೋಡಿದರೆ ಗೊತ್ತಾಗುತ್ತದೆ. ಕಷ್ಟ ಇರುವುದು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ. ಯಾರೋ ಹುತ್ತರಿ ಸುಗ್ಗಿ ಹಬ್ಬಕ್ಕೆ ತುಂಬಿ, ಈಡಾಗದೆ, ಹಾಗೇ ಗೋಡೆಗೆ ನೇತು ಹಾಕಿ ಮರೆತದ್ದು ಮೊಮ್ಮಗನ ಕಾಲದ ತನಕ ಒಳಗೇ ಇರಬಹುದು. ಕರಿ ಮದ್ದು ಒಣಗಿದ್ದರೆ ಎಷ್ಟು ವರ್ಷ ಆದರೂ ಕಿಡಿ ತಾಗಿದರೆ ಸಾಕು.

ನೋಡುವ ವಿಧಾನ ಸುಲಭ. ನಿಪ್ಪಲ್ (ನಳಿಗೆಯ ಹಿಂಭಾಗದಲ್ಲಿ ಕೇಪು ಕೂರಿಸುವ ಮೊನೆ) ಮೇಲೆ ಕೇಪು (ಕಿಡಿ ಕೊಡುವ ಪುಟ್ಟ ಬಟ್ಟಲು) ಇಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಿ. ನಳಿಗೆ ಬಾಯಿಗೆ ಮುಖ, ಕೈ ಅಡ್ಡ ಬಾರದ ಹಾಗೆ ಪಕ್ಕಕ್ಕೆ ನಿಂತು ಗಜವನ್ನು (ನಳಿಗೆಯೊಳಗೆ ಹಾಕುವ ಉದ್ದ ಕೋಲು) ಮೆಲ್ಲಗೆ ಒಳಗೆ ಇಳಿಸಿ. ಅದು ನಿಂತಾಗ ಬಾಯಿಯ ಮಟ್ಟಕ್ಕೆ ಬೆರಳಿಟ್ಟು ಹಿಡಿದು ಹೊರಗೆ ತೆಗೆಯಿರಿ. ಈಗ ಅದೇ ಗಜವನ್ನು ನಳಿಗೆಯ ಹೊರಮೈಗೆ ಅಳತೆ ಹಿಡಿಯಿರಿ. ಅದರ ತುದಿ ಹಿಂದೆ ನಿಪ್ಪಲ್ ತನಕ ಬಂದರೆ ಒಳಗೆ ಖಾಲಿ. ಎರಡು ಮೂರು ಇಂಚು ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ಮದ್ದು ಇರಬಹುದು, ಕಡಜದ ಮಣ್ಣಿನ ಗೂಡೂ ಇರಬಹುದು, ಆದರೆ ಮದ್ದು ಅಂತಲೇ ತಿಳಿದು ಕೆಳಗೆ ಇಡಿ. ನೀವೇ ಕೆದಕಿ ತೆಗೆಯಲು ಹೋಗಬೇಡಿ, ಲೈಸೆನ್ಸ್ ಇರುವ ಮಿಸ್ತ್ರಿಗೆ ಬಿಡಿ.

ಇನ್ನೊಂದು. ಬಂದವರಿಗೆಲ್ಲ ತೋರಿಸುವಾಗ ಸುಮ್ನೆ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಎಳೆದು ಟಕ್ ಅನಿಸುವ ಚಾಳಿ ಇರುತ್ತದೆ ಕೆಲವರಿಗೆ. ಖಾಲಿ ಕೋವಿಯಲ್ಲಿ ಹಾಗೆ ಮಾಡಿದರೆ ನಿಪ್ಪಲ್ ತುದಿ ಚಪ್ಪಟೆಯಾಗುತ್ತದೆ, ತೋಟೆಗೆ ಬಡಿಯುವ ಸ್ಟ್ರೈಕರ್ ಪಿನ್ ಮುರಿಯುತ್ತದೆ. ನೂರು ವರ್ಷದ ಹಿಂದಿನ ಪಿನ್ ಪೇಟೆಯಲ್ಲಿ ಸಿಗುವುದಿಲ್ಲ, ಕೈಯಲ್ಲಿ ಮಾಡಿಸಬೇಕು.

ಒಲೆ ಹೋಯಿತು, ಮೊಳೆ ಉಳಿಯಿತು

ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಮಳೆ ಜೋರಿರುವ ಕಕ್ಕಡ ತಿಂಗಳಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಮದುವೆಯ ಉದ್ದ ಕೋಟು ಕುಪ್ಯದ ಮೇಲೂ ಬೂಷ್ಟು. ಕೋವಿ ಒಂದಕ್ಕೆ ಮಾತ್ರ ಏನೂ ಆಗಬಾರದು ಅಂದರೆ ಹೇಗೆ?

ಆದರೂ ಹಿಂದಿನವರ ಕೋವಿಗಳು ಉಳಿದುಕೊಂಡಿದ್ದವು. ಯಾಕೆ ಅಂತ ನಾನು ತುಂಬ ದಿನ ಯೋಚಿಸಿದ್ದೇನೆ. ಐನ್‌ಮನೆಯ, ಅಂದರೆ ಕುಟುಂಬದ ಹಿರಿಮನೆಯ, ಒಳಗೆ ಮಳೆಗಾಲ ಪೂರ್ತಿ ಒಲೆ ಉರಿಯುತ್ತಿತ್ತು. ಹೊಗೆ, ಬಿಸಿ ಎರಡೂ ಅಟ್ಟಕ್ಕೆ ಏರಿ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು, ಗಾಳಿ ಒಳಗೆ ಬರುತ್ತಿತ್ತು. ಕೋವಿ ನೇತು ಹಾಕಿದ ಗೋಡೆ ಬೆಚ್ಚಗೆ ಇರುತ್ತಿತ್ತು. ಈಗ ಗ್ಯಾಸ್ ಬಂತು, ಅಟ್ಟಕ್ಕೆ ಸೀಲಿಂಗ್ ಬಂತು, ಕೆಲವು ಮನೆಗೆ ತಾರಸಿಯೇ ಬಂತು. ಕೋವಿ ಮಾತ್ರ ಅದೇ ಗೋಡೆಯ ಅದೇ ಮೊಳೆಯಲ್ಲಿ. ಜುಲೈಯಲ್ಲಿ ಆ ಗೋಡೆಗೆ ಕೈ ಇಟ್ಟು ನೋಡಿ, ಬೆವರಿರುತ್ತದೆ. "ಅಜ್ಜನ ಕಾಲದಿಂದ ಇಲ್ಲೇ ಇದೆ, ಏನೂ ಆಗಿಲ್ಲ" ಅನ್ನುವವರಿಗೆ ನಾನು ಹೇಳುವುದು: ಜಾಗ ಅದೇ, ಮನೆ ಅದಲ್ಲ.

ಮೊದಲು ಗೋಡೆಯಿಂದ ಇಳಿಸಿ. ಹೇಗೂ ಕಣ್ಣಿಗೆ ಕಾಣುವ ಹಾಗೆ ನೇತು ಹಾಕುವುದು ಕಳ್ಳರಿಗೂ ಮಕ್ಕಳಿಗೂ ಕರೆ ಕೊಟ್ಟ ಹಾಗೆ. ಬೀಗ ಇರುವ ಬೀರು ಬೇಕು. ಬೀರುವನ್ನು ಹೊರಗೋಡೆಗೆ ತಾಗಿಸಬೇಡಿ, ಒಳಗೋಡೆಯ ಕಡೆ, ಒಂದು ಗೇಣು ಬಿಟ್ಟು ಇಡಿ. ಕೆಳಗೆ ಮರದ ಹಲಗೆ. ಒಳಗೆ ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್ ಒಂದು ಇಡಿ, ದೊಡ್ಡ ಖರ್ಚೇನಲ್ಲ. ಮುಳ್ಳು ಶೇಕಡಾ 45ರಿಂದ 55ರ ನಡುವೆ ಇದ್ದರೆ ಕಬ್ಬಿಣಕ್ಕೂ ಸುಖ, ಮರಕ್ಕೂ ಸುಖ. ತೀರಾ ಒಣಗಿಸಿದರೆ ಮರ ಬಿರುಕು ಬಿಡುತ್ತದೆ, ಅದೂ ಗೊತ್ತಿರಲಿ. ನಮ್ಮ ಮನೆಯ ಕೋಣೆಯಲ್ಲಿ ಜುಲೈ ತಿಂಗಳು ಅದು 90 ದಾಟುತ್ತದೆ. ಬೀರುವಿನ ಒಳಗೆ 55ಕ್ಕೆ ಇಳಿಸಲು ನಾನು ಸಿಲಿಕಾ ಜೆಲ್ ಇಡುತ್ತೇನೆ, ಅಂಗಡಿ ಡಬ್ಬದಲ್ಲಿ ಸಿಗುವ ಚಿಟಿಕೆ ಪೊಟ್ಟಣ ಅಲ್ಲ, ಅರ್ಧ ಕಿಲೋ ಆದರೂ ಬೇಕು. ಬಣ್ಣ ಬದಲಾಗುವ ಜಾತಿಯದು ತಗೊಂಡರೆ ನೀರು ಕುಡಿದು ತುಂಬಿದ್ದು ಕಣ್ಣಿಗೇ ಕಾಣುತ್ತದೆ. ಆಗ 110–120 ಡಿಗ್ರಿ ಬಿಸಿಯಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆ ಪಾತ್ರೆಯಲ್ಲಿ ಹುರಿಯಬೇಡಿ.

ಬಟ್ಟೆ ಬೀರುವಿಗೆ ಬಲ್ಬು ಹಾಕುವ ಹಾಗೆ ಕೋವಿ ಬೀರುವಿನ ತಳದಲ್ಲೂ ಒಂದು ಸಣ್ಣ ಬಲ್ಬು ಉರಿಸುವವರಿದ್ದಾರೆ. ಉಪಾಯ ಒಳ್ಳೆಯದೇ, ಬಲ್ಬು ಮರಕ್ಕೂ ಬಟ್ಟೆಗೂ ತಾಗದಿದ್ದರೆ. ಆದರೆ ಮಳೆಗಾಲದಲ್ಲಿ ನಮ್ಮ ಕರೆಂಟು ನಂಬಿ ಯಾವ ಕೆಲಸ ತಾನೇ ಮಾಡಲಾದೀತು. ನಾಲ್ಕು ದಿನ ಕರೆಂಟಿಲ್ಲದಾಗ ಬೆಚ್ಚಗಿದ್ದ ಬೀರು ತಣ್ಣಗಾಗಿ ಒಳಗೇ ಬೆವರುತ್ತದೆ. ಅದಕ್ಕೇ ಸಿಲಿಕಾ ಜೆಲ್.

ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ. ನೋಡಲು ಎಷ್ಟೇ ಚೆಂದ ಇರಲಿ, ಚರ್ಮ ನೀರು ಹಿಡಿಯುತ್ತದೆ, ಹದ ಮಾಡಿದ ರಾಸಾಯನಿಕವೂ ಅದರಲ್ಲಿ ಉಳಿದಿರುತ್ತದೆ. ಚೀಲವನ್ನು ಬೇರೆ ಇಡಿ, ಅದಕ್ಕೂ ಅದರದೇ ಬೆಲೆ ಇದೆ. ಫೋಮ್ ಹಾಸಿದ ಪೆಟ್ಟಿಗೆ, ಪ್ಲಾಸ್ಟಿಕ್ ಹೊದಿಕೆ, ನ್ಯೂಸ್ ಪೇಪರ್, ಮೂರೂ ಬೇಡ. ಗಂಜಿ ಹಾಕದ, ಚೆನ್ನಾಗಿ ಒಗೆದು ಒಣಗಿಸಿದ ಹಳೆ ಹತ್ತಿ ಪಂಚೆ ಸಾಕು.

ಎಣ್ಣೆಯ ವಿಷಯ

ನಮ್ಮ ಅಜ್ಜ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಆಗ ಬೇರೆ ಏನು ಸಿಗುತ್ತಿತ್ತು? ಆದರೆ ಕೊಬ್ಬರಿ ಎಣ್ಣೆ 24 ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ. ನಮ್ಮ ಡಿಸೆಂಬರ್ ಬೆಳಿಗ್ಗೆ ಬಾಟಲಿಯಿಂದ ಬೀಳುವುದೇ ಇಲ್ಲ ಅಲ್ವಾ, ಕೋವಿಯ ಲಾಕ್ (ಕುದುರೆ, ಸ್ಪ್ರಿಂಗ್ ಇರುವ ಭಾಗ) ಒಳಗೂ ಅದೇ ಕತೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಅಂಟು ಅಂಟಾಗಿ, ಧೂಳು ಹಿಡಿದು, ಅರಗಿನ ಹಾಗೆ ಕೂರುತ್ತದೆ. ಅಡುಗೆಯ ಯಾವ ಎಣ್ಣೆಯೂ ಬೇಡ. ಕೋವಿಗೆಂದೇ ಬರುವ ಎಣ್ಣೆ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಹೊಲಿಗೆ ಮಿಷನ್ ಎಣ್ಣೆ. ತುಂಬ ಜನ ಡಬ್ಲ್ಯುಡಿ-40 ಹೊಡೆದು ಮುಗಿಸುತ್ತಾರೆ. ಅದು ನೀರು ಓಡಿಸಲು ಚೆನ್ನಾಗಿದೆ, ನೆನೆದ ಕೋವಿಗೆ ಹೊಡೆಯಿರಿ, ಆಮೇಲೆ ಒರೆಸಿ ಸರಿಯಾದ ಎಣ್ಣೆ ಹಚ್ಚಿ. ನಾಲ್ಕು ತಿಂಗಳ ಮಳೆಗೆ ಅದೊಂದನ್ನೇ ನಂಬಿ ಕೂರಬೇಡಿ.

ಎಷ್ಟು ಹಚ್ಚಬೇಕು? ಬಟ್ಟೆಗೆ ನಾಲ್ಕು ಹನಿ ಹಾಕಿ, ನಳಿಗೆ ಪೂರ್ತಿ ಒರೆಸಿ, ಆಮೇಲೆ ಬೆರಳು ಎಳೆದರೆ ಗೆರೆ ಮೂಡಬೇಕು, ಹನಿ ಇಳಿಯಬಾರದು. ಜಾಸ್ತಿ ಹಚ್ಚಿದರೆ ಜಾಸ್ತಿ ರಕ್ಷಣೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೋವಿ ನೆಟ್ಟಗೆ ನಿಂತಿರುವಾಗ ಹೆಚ್ಚಾದ ಎಣ್ಣೆ ನಳಿಗೆಯಿಂದ ಲಾಕ್‌ಗೆ, ಲಾಕ್‌ನಿಂದ ಮರದ ಹಿಡಿಯ ತಲೆಗೆ ಇಳಿಯುತ್ತದೆ. ಆ ಜಾಗದ ಮರ ಕಪ್ಪಾಗಿ, ಮೆತ್ತಗಾಗಿ, ಒಂದು ದಿನ ಸೀಳುತ್ತದೆ. ಹಳೆ ಕೋವಿ ಕೈಗೆ ಬಂದರೆ ಮೊದಲು ಅಲ್ಲಿ ಉಗುರು ಒತ್ತಿ ನೋಡಿ. ಎಣ್ಣೆ ಹಚ್ಚಿದ ಮೇಲೆ ಬೀರುವಿನಲ್ಲಿ ಬಾಯಿ ಕೆಳಗೆ, ಹಿಡಿ ಮೇಲೆ ಮಾಡಿ, ಕೆಳಗೆ ಮೆತ್ತನೆ ಬಟ್ಟೆ ಕೊಟ್ಟು ನಿಲ್ಲಿಸಿ. ನೋಡಿದವರು ತಲೆಕೆಳಗಾಗಿದೆ ಅಂತ ನಗುತ್ತಾರೆ, ನಗಲಿ.

ಈಡು ಹೊಡೆಯದೆ ಬರೀ ಇಟ್ಟುಕೊಳ್ಳುವ ಕೋವಿಗೆ ಎಣ್ಣೆಗಿಂತ ಮೇಣ ವಾಸಿ. ರೆನೈಸಾನ್ಸ್ ವ್ಯಾಕ್ಸ್ ಅಂತ ಒಂದಿದೆ, 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ತಯಾರಾದದ್ದು, ಮ್ಯೂಸಿಯಂಗಳಲ್ಲಿ ಆಯುಧಕ್ಕೂ ಮರಕ್ಕೂ ಹಚ್ಚುತ್ತಾರೆ. ಡಬ್ಬಿಗೆ ಬೆಲೆ ಜಾಸ್ತಿ ಅನಿಸಿದರೂ ಬೆರಳ ತುದಿಯಷ್ಟು ಸಾಕಾಗುವುದರಿಂದ ವರ್ಷಗಟ್ಟಲೆ ಬರುತ್ತದೆ. ಒಡಿಕತ್ತಿ, ಪೀಚೆಕತ್ತಿಗೂ ಅದನ್ನೇ ಹಚ್ಚಬಹುದು.

ತುಕ್ಕು ಬಂದೇ ಬಿಟ್ಟಿದ್ದರೆ? ಮೊದಲು ಅದು ತುಕ್ಕೇ ಹೌದಾ ನೋಡಿ, ನನ್ನ ಹಾಗೆ ಮಾಡಬೇಡಿ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಕೆಂಪು ಪುಡಿ ಬಂದರೆ, ಬೆರಳಿಗೆ ದೊರಗು ತಾಗಿದರೆ ಅದು ಈಗಲೂ ತಿನ್ನುತ್ತಿರುವ ತುಕ್ಕು. ನುಣ್ಣಗೆ, ಒಂದೇ ಸಮ ಕಂದು ಇದ್ದರೆ ಅದು ವಯಸ್ಸಿನ ಬಣ್ಣ ಅಥವಾ ಹಾಕಿದ ಬಣ್ಣ, ಬಿಟ್ಟುಬಿಡಿ. ಕೆಂಪು ಚುಕ್ಕೆಯ ಮೇಲೆ ಎಣ್ಣೆ ಬಿಟ್ಟು ಎರಡು ದಿನ ನೆನೆಯಲು ಬಿಡಿ. ಆಮೇಲೆ ಹಳೆ ತಾಮ್ರದ ಕಾಸು, ಅಜ್ಜಿಯ ಡಬ್ಬಿಯಲ್ಲಿ ಕಾಲಾಣೆ ಇದ್ದರೆ ಅದು, ಅದರ ಅಂಚಿನಿಂದ ಎಣ್ಣೆಯ ಮೇಲೇ ಮೆಲ್ಲಗೆ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆತ್ತಗೆ, ತುಕ್ಕಿನ ಪೊರೆ ಏಳುತ್ತದೆ, ಕೆಳಗಿನ ಉಕ್ಕಿಗೆ ಗೀರು ಬೀಳುವುದಿಲ್ಲ. ಕಣ್ಣಿಗೆ ಕಾಣದ ಮೂಲೆಯಲ್ಲಿ ಮೊದಲು ಮಾಡಿ ನೋಡಿ. ಪೂರ್ತಿ ಹೋಗಲಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. ಕಲೆ ಉಳಿದರೆ ಕೋವಿಗೆ ನಷ್ಟ ಕಮ್ಮಿ.

ಈಡು ಹೊಡೆದ ಕೋವಿಯ ಒಳಭಾಗಕ್ಕೆ ಬೇರೆ ಲೆಕ್ಕ. ಕರಿ ಮದ್ದಿನ ಮಸಿ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಹಳೆ ಕೇಪಿನಲ್ಲಿದ್ದ ಕ್ಲೋರೇಟ್ ಉರಿದು ಉಳಿಯುವುದು ಒಂದು ತರಹದ ಉಪ್ಪು. ಉಪ್ಪು ಎಣ್ಣೆಯಲ್ಲಿ ಕರಗುತ್ತದೆಯೇ? ಇಲ್ಲ. ಅದಕ್ಕೇ ಬರೀ ಎಣ್ಣೆ ಹಾಕಿ ತಳ್ಳಿದರೆ ಒಳಗೆ ತುಕ್ಕು ಮುಂದುವರಿಯುತ್ತದೆ. ಹುತ್ತರಿ ರಾತ್ರಿ ಕದಿರು ಕೊಯ್ಯುವಾಗ ಈಡು ಹೊಡೆದು, ಪಟಾಕಿ, ಪಾಯಸ ಎಲ್ಲ ಮುಗಿದ ಮೇಲೆ ಕೋವಿಯನ್ನು ಮೂಲೆಗೆ ಒರಗಿಸಿ ಮಲಗುತ್ತಾರಲ್ಲ, ಆ ಒಂದು ರಾತ್ರಿ ಸಾಕು. ಕೇಪಿನ ಕೋವಿಯ ನಳಿಗೆಯನ್ನು ಮರದಿಂದ ಬೇರೆ ಮಾಡಿ ಬಿಸಿ ಸೋಪು ನೀರಲ್ಲಿ ತೊಳೆಯಬೇಕು, ಕುದಿಯುವ ನೀರಲ್ಲಿ ಜಾಲಿಸಬೇಕು, ನಳಿಗೆ ಆ ಬಿಸಿಗೇ ಒಣಗುತ್ತದೆ. ಒಣಗಿದ ಮೇಲೆ ಎಣ್ಣೆ. ತೋಟೆ ಕೋವಿಯಲ್ಲಿ ಗಜವನ್ನು ತೋಟೆ ಹಾಕುವ ಕಡೆಯಿಂದ ಬಾಯಿಯ ಕಡೆಗೆ ತಳ್ಳಿ, ಉಲ್ಟಾ ಬೇಡ. ಗಜ ಮರದ್ದೋ ಹಿತ್ತಾಳೆಯದೋ ಇರಲಿ.

ಪೂಜೆಯ ಕಲೆ

ಇದನ್ನು ಬರೆಯಲು ಸ್ವಲ್ಪ ಹಿಂಜರಿಕೆ, ಆದರೂ ಹೇಳಬೇಕು. ನಮ್ಮ ಕೋವಿಯ ಎಡ ನಳಿಗೆ ಮೇಲೆ ಮೂರು ದುಂಡು ಕಲೆ ಇವೆ, ಸಾಲಾಗಿ, ಉಂಗುರ ಬೆರಳಿನ ಗಾತ್ರದವು. ತಡವಿದರೆ ಗುಳಿ ಬಿದ್ದದ್ದು ಗೊತ್ತಾಗುತ್ತದೆ. ವರ್ಷ ವರ್ಷವೂ ಕೈಲ್ ಮುಹೂರ್ತದ ದಿನ, ಸೆಪ್ಟೆಂಬರ್ 3ಕ್ಕೆ, ಅದೇ ಜಾಗದಲ್ಲಿ ಗಂಧದ ಬೊಟ್ಟು ಇಟ್ಟಿದ್ದಾರೆ, ಮಾರನೇ ದಿನ ಒರೆಸದೆ ಹಾಗೇ ಎತ್ತಿಟ್ಟಿದ್ದಾರೆ. ಗಂಧ ಅಂದರೆ ನೀರಲ್ಲಿ ತೇಯ್ದದ್ದು, ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ. ತೋಕ್ ಪೂ ಅನ್ನುವ ಹೂವಿನ ತೊಟ್ಟನ್ನು ನಳಿಗೆ ಬಾಯಿಗೆ ಸಿಕ್ಕಿಸುತ್ತಾರೆ, ಅದರ ನೀರು ಒಳಗೆ ಇಳಿಯುತ್ತದೆ.

ಪೂಜೆ ಬಿಡಿ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ನನ್ನನ್ನೇ ಮನೆಯಿಂದ ಹೊರಗೆ ಹಾಕುತ್ತಾರೆ. ಬೊಟ್ಟನ್ನು ಮರದ ಹಿಡಿಗೆ ಇಡಿ, ಅದೂ ಮೇಣ ಹಚ್ಚಿದ ಮೇಲೆ. ಹೂವನ್ನು ಬಾಯಿಗೆ ಸಿಕ್ಕಿಸುವ ಮೊದಲು ತೊಟ್ಟು ಒರೆಸಿ ಒಣ ಹತ್ತಿ ಸುತ್ತಿ, ಅಥವಾ ಪಕ್ಕದಲ್ಲಿ ಇಡಿ. ದೀಪ ಆರಿದ ಮೇಲೆ, ಆ ದಿನವೇ, ಒರೆಸಿ ಎತ್ತಿಡಿ.

ಹುಣಸೆ ಹಣ್ಣಿನ ಕತೆಯೂ ಇಲ್ಲೇ ಹೇಳಿಬಿಡುತ್ತೇನೆ. ಹಬ್ಬದ ಹಿಂದಿನ ದಿನ ದೀಪ, ಕಿಂಡಿ ಚೊಂಬು ಎಲ್ಲ ಹುಣಸೆ ಹಣ್ಣಲ್ಲಿ ತಿಕ್ಕುವಾಗ, ಕೋವಿಯ ಹಿತ್ತಾಳೆ ಭಾಗಕ್ಕೂ ಎರಡು ಕೈ ಉಜ್ಜಿಬಿಡುತ್ತಾರೆ. ಹಿತ್ತಾಳೆ ಹೊಳೆಯುತ್ತದೆ, ಹುಳಿ ಪಕ್ಕದ ಉಕ್ಕಿನ ಸಂದಿಗೆ ಇಳಿಯುತ್ತದೆ. ಹಬ್ಬದ ಹೊತ್ತಿಗೆ ಏನೂ ಕಾಣುವುದಿಲ್ಲ. ದೀಪಾವಳಿ ಹೊತ್ತಿಗೆ ಕಾಣುತ್ತದೆ.

ಗುರುತು ಓದುವುದು

ನಮ್ಮಲ್ಲಿ ಹಳೆ ಕೋವಿ ಎಲ್ಲವೂ "ರಾಜರ ಕಾಲದ್ದು." ಒಬ್ಬರು ತಮ್ಮ ಕೋವಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಕೊಟ್ಟದ್ದು ಅಂತ ತೋರಿಸಿದರು. ಮುರಿದು ನೋಡಿದರೆ ಹನ್ನೆರಡು ಬೋರ್ ತೋಟೆ ಕೋವಿ. ಅರಸರು ತೀರಿಕೊಂಡದ್ದು 1809ರಲ್ಲಿ, ತಳದ ಮಧ್ಯದಲ್ಲಿ ಕೇಪು ಇರುವ ಈಗಿನ ತರಹದ ತೋಟೆ ಬಳಕೆಗೆ ಬಂದದ್ದು 1860ರ ದಶಕದಲ್ಲಿ. ಮನೆಯ ಕತೆಯನ್ನು ಪುಸ್ತಕದಲ್ಲಿ ಬರೆದಿಡಿ, ಪರವಾಗಿಲ್ಲ, ಆದರೆ ಕೋವಿಯ ಮೈ ಮೇಲೆ ಇರುವುದನ್ನು ಮೊದಲು ಓದಿ.

ಇಂಗ್ಲಿಷ್ ಕೋವಿಯಾದರೆ ನಳಿಗೆ ಬಿಚ್ಚಿ ಹಿಂಭಾಗದ ಚಪ್ಪಟೆ ಅಡಿ ನೋಡಿ. ಅಲ್ಲಿ ಸಣ್ಣ ಸಣ್ಣ ಮುದ್ರೆಗಳಿರುತ್ತವೆ. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರಲ್ಲಿ ಶುರುವಾದದ್ದು, ನಳಿಗೆಯನ್ನು ಜಾಸ್ತಿ ಮದ್ದು ಹಾಕಿ ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಿದ್ದರು. ಕಿರೀಟದ ಕೆಳಗೆ ಬಿವಿ, ಬಿಪಿ, ಎನ್‌ಪಿ ಅಂತ ಇದ್ದರೆ ಅದು 1904ರ ಮೇಲಿನದು. ಎನ್‌ಪಿ ಅಂದರೆ ನೈಟ್ರೋ ಪ್ರೂಫ್, ಹೊಗೆ ಇಲ್ಲದ ಮದ್ದಿಗೆ ಪರೀಕ್ಷೆ ಆದದ್ದು. ಅಂಥ ಗುರುತು ಇಲ್ಲದ ಡಮಾಸ್ಕಸ್ ನಳಿಗೆಗೆ ಈಗಿನ ತೋಟೆ ಹಾಕುವ ಸಾಹಸ ಬೇಡವೇ ಬೇಡ, ಬೆಲೆ ಒತ್ತಟ್ಟಿಗಿರಲಿ, ಎಡಗೈ ಬೆರಳು ಉಳಿಯಬೇಕಲ್ಲ. ಹಳೆ ಹನ್ನೆರಡು ಬೋರ್ ಕೋವಿಗಳ ಚೇಂಬರ್, ಅಂದರೆ ತೋಟೆ ಕೂರುವ ಜಾಗ, ಹೆಚ್ಚಾಗಿ ಎರಡೂವರೆ ಇಂಚು, ಸುಮಾರು 64 ಮಿಲಿಮೀಟರ್. 70 ಮಿಲಿಮೀಟರ್ ತೋಟೆ ಒಳಗೆ ಕೂರುತ್ತದೆ, ಆದರೆ ಒಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಅಳತೆ ಗೊತ್ತಿಲ್ಲದೆ ತೋಟೆ ಹಾಕಬೇಡಿ.

ನಮ್ಮ ಕೋವಿಯಲ್ಲಿ ನನ್ನ ಎಮೆರಿ ಪೇಪರ್ ಆ ಅಡಿಭಾಗಕ್ಕೆ ತಲುಪಿರಲಿಲ್ಲ. ಪುಣ್ಯ. ಮುದ್ರೆಗಳೂ ನಂಬರೂ ಉಳಿದುಕೊಂಡಿವೆ. ನಳಿಗೆ, ಲಾಕ್, ಮುಂದಿನ ಮರದ ಕಬ್ಬಿಣ, ಮೂರರ ಮೇಲೂ ಒಂದೇ ನಂಬರ್ ಇದ್ದರೆ ಕೋವಿ ಹುಟ್ಟಿದ ಹಾಗೇ ಇದೆ ಅಂತ ಲೆಕ್ಕ, ಸಂಗ್ರಹಿಸುವವರು ಇದಕ್ಕೆ ತುಂಬ ಬೆಲೆ ಕೊಡುತ್ತಾರೆ. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಲಿ ರಿಚರ್ಡ್ಸ್ ತರಹದ ಹಳೆ ಕಂಪನಿಗಳು ಹಿಂದಿನ ಲೆಡ್ಜರ್ ಇನ್ನೂ ಇಟ್ಟುಕೊಂಡಿವೆ. ನಂಬರ್ ಕೊಟ್ಟು ಕೇಳಿದರೆ ಯಾವ ವರ್ಷ, ಯಾರಿಗೆ ಮಾಡಿದ್ದು ಅಂತ ತಿಳಿಯಬಹುದು. ಆ ಕಾಗದ ಒಂದು ಸಿಕ್ಕರೆ ಕೋವಿಯ ತೂಕವೇ ಬೇರೆ.

ರಿಪೇರಿ

ಊರಿನ ಕಮ್ಮಾರರ ಕೈ ಎಷ್ಟೇ ಚೆನ್ನಾಗಿರಲಿ, ಕೋವಿ ಕೊಡಬೇಡಿ. ರಿಪೇರಿಗೂ ಲೈಸೆನ್ಸ್ ಬೇಕು, ಕಾನೂನೇ ಹಾಗಿದೆ. ಬಾಯಿ ಒಡೆದ ನಳಿಗೆಯನ್ನು ಗರಗಸದಲ್ಲಿ ಕೊಯ್ದು ಗಿಡ್ಡ ಮಾಡುವುದೂ ಅಪರಾಧ, ಆಯುಧ ಕಾಯಿದೆಯ 6ನೇ ಸೆಕ್ಷನ್. ಕೊಯ್ದ ಕೋವಿಯನ್ನು ಸಂಗ್ರಹಿಸುವವರು ಮುಟ್ಟುವುದೂ ಇಲ್ಲ.

ಲೈಸೆನ್ಸ್ ಇರುವ ಅಂಗಡಿಯಲ್ಲೂ ಏನು ಮಾಡಬಾರದು ಅಂತ ನೀವೇ ಹೇಳಬೇಕು. "ಹೊಸದರ ಹಾಗೆ ಮಾಡಿಕೊಡಿ" ಅನ್ನುವ ಮಾತು ಬಾಯಿಂದ ಬರಬಾರದು. ನಳಿಗೆಗೆ ಹೊಸದಾಗಿ ಬ್ಲೂಯಿಂಗ್ (ನೀಲಿಗಪ್ಪು ಬಣ್ಣ ಹಿಡಿಸುವುದು) ಮಾಡಿಸುವ ಆಸೆ ತುಂಬ ಜನಕ್ಕೆ. ಕುದಿಯುವ ಕಾಸ್ಟಿಕ್ ದ್ರಾವಣದಲ್ಲಿ ಅದ್ದುವ ಬ್ಲೂಯಿಂಗ್ ಜೋಡು ನಳಿಗೆಗೆ ಆಗುವುದೇ ಇಲ್ಲ, ಎರಡು ನಳಿಗೆಯನ್ನೂ ನಡುವಿನ ಪಟ್ಟಿಯನ್ನೂ ಹಿಡಿದಿರುವುದು ಮೆತ್ತನೆ ಬೆಸುಗೆ, ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ಕೆಲವು ಕೋವಿಗಳ ಲಾಕ್ ಮೇಲೆ ಎಣ್ಣೆ ಬಿದ್ದ ನೀರಿನ ಹಾಗೆ ನೀಲಿ, ಕಂದು, ಬೂದು ಬಣ್ಣ ಕಲೆಸಿದಂತೆ ಕಾಣುತ್ತದಲ್ಲ, ಅದು ಉಕ್ಕನ್ನು ಹದಗೊಳಿಸಿದಾಗ ಬಂದ ಬಣ್ಣ. ಸ್ವಲ್ಪವೇ ಉಳಿದಿದ್ದರೂ ಅದಕ್ಕೆ ಪಾಲಿಶ್ ತಾಗಿಸಬೇಡಿ. ಮರಕ್ಕೆ ಬಾಗಿಲಿಗೆ ಹೊಡೆಯುವ ವಾರ್ನಿಷ್ ಹೊಡೆಸಬೇಡಿ, ಹಳೆ ಇಂಗ್ಲಿಷ್ ಕೋವಿಯ ವಾಲ್‌ನಟ್ ಮರಕ್ಕೆ ಅಗಸೆ ಎಣ್ಣೆ ತಿಕ್ಕಿ ಹದ ಮಾಡಿರುತ್ತಾರೆ, ಒಣಗಿದ್ದರೆ ಅದೇ ಎಣ್ಣೆ ಎರಡು ಹನಿ ಅಂಗೈಯಲ್ಲಿ ತಿಕ್ಕಿ ಸಾಕು. ಹಿಡಿಯ ಮೇಲೆ ನುಣ್ಣನೆ ಹಳದಿ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳ. ಕಾಫಿ ಗಿಡದ ಕಾಂಡ ಕೊರಕಕ್ಕೆ ಹೊಡೆಯುವ ಮದ್ದನ್ನು ತಂದು ಸುರಿಯಬೇಡಿ, ಒಬ್ಬರು ಸುರಿದಿದ್ದರು, ಮರದ ಬಣ್ಣವೇ ಹೋಯಿತು.

ಮನೆಯ ಸ್ಕ್ರೂಡ್ರೈವರ್ ಕೂಡ ಕೋವಿಗೆ ಶತ್ರು. ಹಳೆ ಕೋವಿಯ ತಿರುಪಿನ ತಲೆಯ ಸೀಳು ತುಂಬ ಕಿರಿದು. ನಮ್ಮ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಇಳಿಯದೆ ಜಾರಿ, ಸೀಳಿನ ಅಂಚು ಕಿತ್ತು, ಪಕ್ಕದ ಕೆತ್ತನೆಗೂ ಗೀರು ಎಳೆಯುತ್ತದೆ. ಬಲ್ಲವರು ಕೋವಿ ಕೈಗೆ ತಗೊಂಡಾಗ ಮೊದಲು ತಿರುಪು ನೋಡುತ್ತಾರೆ, ಒಳಗೆ ಎಷ್ಟು ಜನ ಕೈ ಹಾಕಿದ್ದಾರೆ ಅಂತ ಅದೇ ಹೇಳುತ್ತದೆ.

ಕಾಗದ

ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇರುವುದು 1861ರಷ್ಟು ಹಿಂದಿನಿಂದ. ಈಗಿನ ವಿನಾಯಿತಿ 2019ರಲ್ಲಿ ಮುಂದುವರಿದದ್ದು, 2029ರ ಅಕ್ಟೋಬರ್ ಕೊನೆಯ ತನಕ. 2021ರಲ್ಲಿ ಹೈಕೋರ್ಟ್ ಕೂಡ ಇದನ್ನು ಎತ್ತಿ ಹಿಡಿಯಿತು. ಆದರೂ ವಿನಾಯಿತಿ ಪತ್ರ ಬೇಕು, ಕೋವಿಯ ನಂಬರ್ ಅದರಲ್ಲಿ ಸರಿಯಾಗಿ ಇರಬೇಕು. ಬೇರೆಯವರಿಗೆ ಲೈಸೆನ್ಸ್ ಬೇಕೇ ಬೇಕು, 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ. "ಪುರಾತನ ಕೋವಿಗೆ ಲೈಸೆನ್ಸ್ ಬೇಡ" ಅಂತ ಕೆಲವರು ಹೇಳುತ್ತಾರೆ. ರಿಪೇರಿ ಮಾಡಿದರೂ ಈಡು ಹೊಡೆಯಲು ಬರುವುದೇ ಇಲ್ಲ ಅನ್ನುವ ಕೋವಿಗೆ ಮಾತ್ರ ಆ ಮಾತು. ಅಜ್ಜ ತೀರಿಕೊಂಡ ಮೇಲೆ ಕೋವಿ ಬೀರುವಿನಲ್ಲೇ ಇದ್ದು ಹೆಸರು ಬದಲಾಗದಿದ್ದರೆ ಅದು ಕಾನೂನು ಬಾಹಿರ ಕೋವಿ, ಅದಕ್ಕೆ ಬೆಲೆ ಸೊನ್ನೆ. ಬೇಗ ಅರ್ಜಿ ಹಾಕಿ, ಅಲ್ಲಿಯ ತನಕ ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಡಿ.

ನಿಮ್ಮ ಕೋವಿಯನ್ನು ಇಟ್ಟುಕೊಳ್ಳುವ ಅರ್ಹತೆ ಇರುವ ಇನ್ನೊಬ್ಬರಿಗೆ ಕೊಡುವುದಾದರೆ ಮೊದಲು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ, 45 ದಿನ ಕಾಯಬೇಕು. ನೂರು ವರ್ಷ ದಾಟಿದ ವಸ್ತು 1972ರ ಕಾಯಿದೆ ಪ್ರಕಾರ ಪುರಾತನ ವಸ್ತು, ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ದುಬೈಯಲ್ಲಿರುವ ಮಗನಿಗೆ ಒಯ್ಯುವ ಕನಸು ಬಿಡಿ. ಕೋವಿ ನೇತು ಹಾಕಿದ ಕಡವೆ ಕೊಂಬಿಗೂ ಅರಣ್ಯ ಇಲಾಖೆಯ ಮಾಲೀಕತ್ವದ ಪತ್ರ ಬೇಕು, ಅದನ್ನಂತೂ ಮಾರುವ ಮಾತೇ ಇಲ್ಲ.

ಠೇವಣಿಯ ಬಗ್ಗೆ ಒಂದು ಮಾತು, ನೊಂದವನ ಮಾತು ಅಂದುಕೊಳ್ಳಿ. ಒಮ್ಮೆ ನಮ್ಮ ಕೋವಿಯನ್ನು ಒಂದು ಕಡೆ ಎರಡು ತಿಂಗಳು ಇಡಬೇಕಾಗಿ ಬಂತು. ಬಟ್ಟೆ ಸುತ್ತದೆ ಹಾಗೇ ಕೊಟ್ಟೆ. ವಾಪಸ್ ಬಂದಾಗ ಹಿಡಿಯ ಮೇಲೆ ಇನ್ನೊಂದು ಕೋವಿಯ ಕುದುರೆ ಒತ್ತಿದ ಗುಳಿ, ನಳಿಗೆಗೆ ದಾರದಲ್ಲಿ ಬಿಗಿದ ಚೀಟಿಯ ಆಕಾರದಲ್ಲೇ ತುಕ್ಕು. ಕೇಳಿದರೆ, ಮೊದಲೇ ಹಾಗಿತ್ತು ಅಂದರು. ಹಾಗಿರಲಿಲ್ಲ ಅನ್ನಲು ನನ್ನ ಹತ್ತಿರ ಏನಿತ್ತು? ಈಗ ಯಾವ ಕಾರಣಕ್ಕೆ ಕೋವಿ ಮನೆ ಬಿಟ್ಟರೂ ಮೇಣ ಹಚ್ಚಿ, ದಪ್ಪ ಹತ್ತಿ ಬಟ್ಟೆಯಲ್ಲಿ ಸುತ್ತಿ, ಎಂಟು ಹತ್ತು ಫೋಟೋ ತೆಗೆದು, ನಂಬರ್ ಬರೆದ ರಸೀದಿ ತಗೊಂಡೇ ಬರುತ್ತೇನೆ. ಚೀಟಿಯನ್ನು ಬಟ್ಟೆಗೆ ಕಟ್ಟಿಸುತ್ತೇನೆ.

ಒಂದು ನೋಟ್‌ಬುಕ್ ಇಡಿ. ಕೋವಿ ಯಾರಿಂದ ಯಾರಿಗೆ ಬಂತು, ಯಾವಾಗ ಏನು ರಿಪೇರಿ ಆಯಿತು, ಹಳೆ ಬಿಲ್ಲು, ಹಳೆ ಲೈಸೆನ್ಸ್ ಪುಸ್ತಕ, ಕೋವಿ ಹಿಡಿದು ನಿಂತ ಹಿರಿಯರ ಫೋಟೋ, ಎಲ್ಲ ಅದರ ಜೊತೆ. ನಮ್ಮಜ್ಜನ ಮದುವೆ ಫೋಟೋದಲ್ಲಿ ಯಾರೋ ಒಬ್ಬರು ಇದೇ ಕೋವಿ ಹಿಡಿದು ಅಂಚಿನಲ್ಲಿ ನಿಂತಿದ್ದಾರೆ. ಭೂತಗನ್ನಡಿ ಹಿಡಿದು ನೋಡಿದೆ, ಪಟ್ಟಿಯ ಮೇಲಿನ ಹೆಸರು ಓದಲು ಬರುತ್ತದೇನೋ ಅಂತ. ಇಲ್ಲ, ಬರೀ ಒಂದು ಬಿಳಿ ಗೆರೆ.

ವರ್ಷದ ಕೆಲಸ ಲೆಕ್ಕ ಹಾಕಿದರೆ ಜಾಸ್ತಿ ಏನಿಲ್ಲ. ಮೇ ಕೊನೆಗೆ, ಮೊದಲ ಮಳೆಗೆ ಮುಂಚೆ ಒಂದು ಸಲ ಪೂರ್ತಿ ಒರೆಸಿ ಮೇಣ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬರೀ ನೋಡುವುದು, ಅದೂ ಮಂಜು ಇಲ್ಲದ ಹೊತ್ತಲ್ಲಿ. ಮುಟ್ಟಿದರೆ ಒರೆಸದೆ ಇಡಬಾರದು, ಬೆವರಿನ ಉಪ್ಪಲ್ಲಿ ಬೆರಳ ಗುರುತು ವಾರದೊಳಗೆ ತುಕ್ಕಾಗಿ ಮೂಡುತ್ತದೆ. ಹುತ್ತರಿಗೆ ಈಡು ಹೊಡೆದರೆ ಆ ರಾತ್ರಿಯೇ ತೊಳೆಯುವುದು. ಕೈಲ್ ಮುಹೂರ್ತದ ದಿನ ಮಾತ್ರ ಸ್ವಲ್ಪ ಮೈಯೆಲ್ಲ ಕಣ್ಣಾಗಿರಬೇಕು. ಕಡಂಬುಟ್ಟು, ಹಂದಿ ಕರಿ ತಿಂದು ಎದ್ದವರೆಲ್ಲ "ಎಲ್ಲಿ, ಕೋವಿ ತೋರಿಸು" ಅಂತ ಕೈ ಚಾಚುತ್ತಾರೆ. ಆ ಕರಿಯಲ್ಲಿ ಕಾಚಂಪುಳಿ ಅನ್ನುವ ಹುಳಿರಸ ಇರುತ್ತದೆ, ಅದಕ್ಕಿಂತ ಹುಳಿ ನಮ್ಮ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಹೋದ ವರ್ಷದಿಂದ ನಾನು ಬಾಗಿಲ ಹತ್ತಿರ ಸೋಪು, ಟವೆಲ್ ಇಟ್ಟುಕೊಂಡೇ ಕೂರುತ್ತೇನೆ. ಭಾವ ಆದರೂ ಸರಿ, ದೊಡ್ಡಪ್ಪ ಆದರೂ ಸರಿ, ಕೈ ತೊಳೆದು ಬಂದರೆ ಮಾತ್ರ ಕೋವಿ.